ಅಧಿಕಾರಿ ಮಾಸ್ತಿ ಮತ್ತು ನಾನು ಕೊಟ್ಟ ಒಂದು ಸಲಹೆ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೇಟಗಳ್ಳಿಯ ನಮ್ಮ ಮನೆಗೆ ಬಂದಿದ್ದ. ಹೆಸರು ಬೇಡ, ಅವನ ಸಹಪಾಠಿಗಳು ಇದನ್ನು ಓದಿದರೆ ಯಾರೆಂದು ತಾವೇ ಗುರುತಿಸುತ್ತಾರೆ. ಐವತ್ತರ ಅಂಚಿನಲ್ಲಿದ್ದಾನೆ, ಸರ್ಕಾರಿ ಕಚೇರಿಯೊಂದರಲ್ಲಿ ಜವಾಬ್ದಾರಿಯ ಹುದ್ದೆ. ಕಾಫಿ ಕುಡಿದು ಲೋಟ ಕೆಳಗಿಟ್ಟವನು ನೇರವಾಗಿ ವಿಷಯಕ್ಕೆ ಬಂದ. "ಸಾರ್, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ವೀಣೆ ಕಲಿಯುತ್ತಿದ್ದಾಳೆ. ಬಿಡಿಸಿಬಿಡೋಣ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ತಾವು ಏನು ಹೇಳುತ್ತೀರಿ?"

ನಾನು ತಕ್ಷಣ ಉತ್ತರಿಸಲಾರದೆ ಹೋದೆ. ಇದೇ ಪ್ರಶ್ನೆಯನ್ನು ಬಹಳ ವರ್ಷಗಳ ಹಿಂದೆ ಇವನ ತಂದೆಯೇ ನನ್ನ ಮುಂದೆ ಇಟ್ಟಿದ್ದರು. ಅವರು ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರರು. ರಾತ್ರಿ ಪಾಳಿ ಮುಗಿಸಿ ಕೆ.ಆರ್.ಎಸ್. ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ನೇರವಾಗಿ ಶಾಲೆಗೆ ಬಂದಿದ್ದರು, ಕಣ್ಣು ಕೆಂಪಾಗಿತ್ತು. ಹುಡುಗ ಹಾರ್ಮೋನಿಯಂ ನುಡಿಸುತ್ತಿದ್ದ, ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುತ್ತಿದ್ದ, ಅದರ ಪರದೆಗೆ ಬಣ್ಣವನ್ನೂ ತಾನೇ ಬಳಿಯುತ್ತಿದ್ದ. ಗಣಿತದಲ್ಲಿ ಮಾತ್ರ ಕಷ್ಟ. "ಮೇಷ್ಟ್ರೇ, ನೀವು ಹೇಳಿದರೆ ಕೇಳುತ್ತಾನೆ" ಎಂದರು. ನಾನು ಹುಡುಗನನ್ನು ಕರೆದು ಹೇಳಿದೆ: "ಪೆಟ್ಟಿಗೆ ಮುಚ್ಚಿಡಯ್ಯ. ಮೊದಲು ಓದು, ಒಂದು ನೌಕರಿ ಹಿಡಿ. ಆಮೇಲೆ ಜೀವಮಾನವೆಲ್ಲ ನುಡಿಸುವೆಯಂತೆ."

ಅವನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ. ಓದಿದ, ನೌಕರಿ ಹಿಡಿದ, ತಂಗಿಯರ ಮದುವೆ ಮಾಡಿದ, ಸ್ವಂತ ಮನೆ ಕಟ್ಟಿದ. ಹಾರ್ಮೋನಿಯಂ ಏನಾಯಿತು ಎಂದು ಕೇಳಿದೆ. "ಮನೆ ಕಟ್ಟುವಾಗ ಮಾರಿದೆ ಸಾರ್" ಎಂದ, ಬಹಳ ಸಹಜವಾಗಿ. ಆ ಸಹಜತೆಯೇ ನನ್ನನ್ನು ಚುಚ್ಚಿತು. ನಾನು ಹೇಳಿದ್ದ 'ಆಮೇಲೆ' ಎಂಬುದು ಅವನ ಬಾಳಿನಲ್ಲಿ ಬಂದೇ ಇರಲಿಲ್ಲ. ಒಂದು ವಾರ ಸಮಯ ಕೊಡು, ಯೋಚಿಸಿ ಹೇಳುತ್ತೇನೆ ಎಂದು ಕಳುಹಿಸಿದೆ.

ಆ ವಾರವೆಲ್ಲ ನನ್ನ ಮನಸ್ಸಿನಲ್ಲಿ ಸುಳಿದಾಡಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ನಿಮ್ಮಲ್ಲಿ ಅನೇಕರಿಗೆ ತರಗತಿಯಲ್ಲಿ ನಾನು 'ಮೊಸರಿನ ಮಂಗಮ್ಮ'ನ ಕತೆಯನ್ನು ಓದಿ ಹೇಳಿದ್ದು ನೆನಪಿರಬಹುದು. ಮಾಸ್ತಿ ಎಂದರೆ ಕತೆಗಾರರು, ಜ್ಞಾನಪೀಠ ಪಡೆದವರು ಎಂದಷ್ಟೇ ನಾವು ಪಾಠ ಮಾಡಿದೆವು. ಅವರು ಬಾಳಿನ ಅತ್ಯುತ್ತಮ ಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದ ಅಧಿಕಾರಿ ಎಂಬುದನ್ನು ಕವಿಪರಿಚಯದ ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋದೆವು. ನಾನೂ ಹಾಗೆಯೇ ಮಾಡಿದವನು.

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಹುಟ್ಟಿದ ಅವರ ಮನೆಮಾತು ತಮಿಳು. ಬಡತನದಲ್ಲಿ ಊರೂರು ಅಲೆದು ಓದಿ, ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, 1914ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಅಸಿಸ್ಟೆಂಟ್ ಕಮಿಷನರಾಗಿ ಸೇರಿದರು. ಅಂದಿನ ಅಧಿಕಾರಿಯ ಕೆಲಸವೆಂದರೆ ಸರ್ಕೀಟು, ಕಂದಾಯ, ಜಮಾಬಂದಿ, ವ್ಯಾಜ್ಯ, ವರ್ಗಾವಣೆ. 'ಕೆಲವು ಸಣ್ಣ ಕತೆಗಳು' 1920ರಲ್ಲಿ ಹೊರಬಂದದ್ದು ಈ ಗಡಿಬಿಡಿಯ ನಡುವೆಯೇ. ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ 1929ರಲ್ಲಿ ಕುಳಿತಾಗ ಅವರು ಇನ್ನೂ ಸೇವೆಯಲ್ಲಿದ್ದವರು, ವಯಸ್ಸು ನಲವತ್ತೂ ಆಗಿರಲಿಲ್ಲ. ಕೆಲಸ ಸೋಮಾರಿತನದಿಂದ ಕೆಟ್ಟಿದ್ದರೆ ಎಕ್ಸೈಸ್ ಕಮಿಷನರ್ ಹುದ್ದೆಯವರೆಗೆ ಏರುತ್ತಿರಲಿಲ್ಲ, ಮಹಾರಾಜರಿಂದ 'ರಾಜಸೇವಾಸಕ್ತ' ಎಂಬ ಬಿರುದೂ ಬರುತ್ತಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 'ಸುಬ್ಬಣ್ಣ'. 1928ರ ಆ ಕಿರುಕಾದಂಬರಿ ನಮ್ಮ ಮೈಸೂರಿನ ಕತೆ. ಅರಮನೆಯ ಆಶ್ರಯದಲ್ಲಿದ್ದ ವಿದ್ವಾಂಸರೊಬ್ಬರ ಮಗನಿಗೆ ಸಂಗೀತದ ಮೇಲೆ ಜೀವ. ತಂದೆಗೆ ಮಗ ತನ್ನಂತೆ ಶಾಸ್ತ್ರ ಕಲಿಯಲೆಂಬ ಹಟ. ಇಬ್ಬರೂ ಕೆಟ್ಟವರಲ್ಲ. ಆದರೂ ಮನೆ ಒಡೆಯುತ್ತದೆ. ಮಗ ಸಂಸಾರ ಸಮೇತ ಊರು ಬಿಟ್ಟು ಕಲ್ಕತ್ತೆಯವರೆಗೂ ಹೋಗುತ್ತಾನೆ, ದುಃಖಗಳನ್ನು ಉಣ್ಣುತ್ತಾನೆ, ಕೊನೆಗೆ ಮಾಗಿದವನಾಗಿ ಇದೇ ಊರಿಗೆ ಮರಳುತ್ತಾನೆ. ಹಗಲು ಕಚೇರಿಯ ಕಾಗದಕ್ಕೆ ಸಹಿ ಹಾಕುತ್ತಿದ್ದ ಅಧಿಕಾರಿ, ಬಿಡುವಿನಲ್ಲಿ ಕುಳಿತು, ಮನೆಯವರಿಗೆ ಬೇಡವಾದ ಒಂದು ಪ್ರತಿಭೆಯ ಪಾಡನ್ನು ಬರೆದರು. ಆ ಪುಸ್ತಕವನ್ನು ನಾನು ಎಷ್ಟೋ ಸಲ ಓದಿ ಕಣ್ಣೊರೆಸಿಕೊಂಡಿದ್ದೇನೆ; ನನ್ನ ಎದುರಿಗೇ ಒಬ್ಬ ಸುಬ್ಬಣ್ಣ ನಿಂತಾಗ ಪೆಟ್ಟಿಗೆ ಮುಚ್ಚು ಎಂದೆ. ಓದಿದ್ದು ಎಲ್ಲಿ ಹೋಯಿತೋ!

ಇನ್ನೊಂದು ಪ್ರಸಂಗವೂ ಪ್ರಸಿದ್ಧವಾದದ್ದೇ. ಎಂ.ಎ. ಮಾಡಿ ನೌಕರಿಗಾಗಿ ಅಲೆಯುತ್ತಿದ್ದ ಜಿ.ಪಿ. ರಾಜರತ್ನಂ ಸರ್ಕಾರಿ ಕೆಲಸದ ಆಸೆಯಿಂದ ಮಾಸ್ತಿಯವರ ಬಳಿಗೆ ಹೋದಾಗ, ಕನ್ನಡದ ಕೆಲಸಕ್ಕೆ ನಿಲ್ಲುವಂತೆ ಅವರಿಗೆ ಬುದ್ಧಿ ಹೇಳಿದವರು ಮಾಸ್ತಿ. ಸ್ವತಃ ಸರ್ಕಾರಿ ಅಧಿಕಾರಿ! ಆ ಒಂದು ಮಾತಿನಿಂದ ಕನ್ನಡದ ಮಕ್ಕಳಿಗೆ ಎಂಥ ಪದ್ಯಗಳು ಬಂದವು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದು ಮಾಸ್ತಿಯವರೊಬ್ಬರ ವಿಚಾರವೂ ಅಲ್ಲ. ನಮ್ಮ ಮೈಸೂರಿನಲ್ಲೇ ಹುಟ್ಟಿದ ಎಂ.ಆರ್. ಶ್ರೀನಿವಾಸಮೂರ್ತಿಗಳು ವಿದ್ಯಾ ಇಲಾಖೆಯಲ್ಲಿ ಸ್ಕೂಲ್ ಇನ್‌ಸ್ಪೆಕ್ಟರರಾಗಿದ್ದವರು. ಉಪಾಧ್ಯಾಯ ವೃತ್ತಿಗೆ ಬರುವವರೆಲ್ಲ 'ರಂಗಣ್ಣನ ಕನಸಿನ ದಿನಗಳು' ಓದಲೇಬೇಕು ಎಂದು ನನ್ನ ದೃಢವಾದ ಅಭಿಪ್ರಾಯ, ಬಿ.ಎಡ್. ಪಠ್ಯದ ಎಷ್ಟೋ ಪುಟಗಳಿಗಿಂತ ಅದರಲ್ಲಿ ನಾನು ಹೆಚ್ಚು ಕಲಿತೆ. ಹಳ್ಳಿ ಹಳ್ಳಿಯ ಶಾಲೆಗಳನ್ನು ತನಿಖೆ ಮಾಡಿದ ಅನುಭವವಿಲ್ಲದೆ ಅದನ್ನು ಬರೆಯಲು ಸಾಧ್ಯವೇ ಇರಲಿಲ್ಲ. ಅವರು ವಚನಗಳ ವಿಷಯದಲ್ಲಿಯೂ ದೊಡ್ಡ ವಿದ್ವಾಂಸರು, 1950ರ ಸೊಲ್ಲಾಪುರ ಸಮ್ಮೇಳನದ ಅಧ್ಯಕ್ಷರು.

ನನ್ನ ವಾದಕ್ಕೆ ಎದುರುವಾದವೂ ಇದೆ, ಅದನ್ನು ಮುಚ್ಚಿಡಬಾರದು. ತಾಲೀಮಿನ ನೆಪದಲ್ಲಿ ತರಗತಿಗೇ ಬಾರದ ಉಪಾಧ್ಯಾಯರನ್ನೂ, ಕವಿಗೋಷ್ಠಿಯ ಹೆಸರಿನಲ್ಲಿ ಜನರನ್ನು ಕಚೇರಿಯ ಬಾಗಿಲಲ್ಲಿ ಕಾಯಿಸಿದವರನ್ನೂ ನಾನು ನೋಡಿದ್ದೇನೆ. ಅದು ಕಲೆಯಲ್ಲ, ಕಳ್ಳತನ. ಆದರೆ ಅಂಥ ನಾಲ್ಕು ಜನರನ್ನು ತೋರಿಸಿ, ಹಾಡುವ ಗುಮಾಸ್ತನನ್ನೂ ಚಿತ್ರ ಬರೆಯುವ ಗ್ರಾಮಲೆಕ್ಕಿಗನನ್ನೂ ಸಂದೇಹದಿಂದ ನೋಡುವುದು ನಮ್ಮ ಕಚೇರಿಗಳ ಅಭ್ಯಾಸವಾಗಿದೆ. ಸೇವೆಯಲ್ಲಿದ್ದಷ್ಟು ದಿನ 'ಕೆಲಸವಿಲ್ಲದವನು' ಎಂದು ನಗುವುದು, ನಿವೃತ್ತಿಯ ದಿನ ಶಾಲು ಹೊದಿಸಿ ಫಲತಾಂಬೂಲ ಕೊಟ್ಟು 'ಬಹುಮುಖ ಪ್ರತಿಭೆ' ಎನ್ನುವುದು! ಅಂಥ ಸಭೆಗಳಲ್ಲಿ ನಾನೂ ಭಾಷಣ ಮಾಡಿದ್ದೇನೆ.

ಸಂಸಾರದ ಮಾತನ್ನೂ ಹೇಳಬೇಕು. ಮಾಸ್ತಿಯವರದು ಹೆಣ್ಣುಮಕ್ಕಳ ತುಂಬು ಸಂಸಾರ. ಅವರು ಹೊಣೆಗೆ ಬೆನ್ನು ತಿರುಗಿಸಿದವರಲ್ಲ. ಆದರೂ ಅಂಥ ಮನೆಯನ್ನು ದಿನದಿನವೂ ನಡೆಸಿದ್ದು ಅಡುಗೆಮನೆಯಲ್ಲಿದ್ದ ಗೃಹಿಣಿ ಎಂಬುದನ್ನು ನಾವು ಗಂಡಸರು ಲೇಖನ ಬರೆಯುವಾಗ ಮರೆಯುತ್ತೇವೆ. ಗಂಡಹೆಂಡಿರಿಬ್ಬರೂ ದುಡಿಯುವ ಇಂದಿನ ಮನೆಗಳಿಗೆ ಆ ಮಾದರಿ ಹಾಗೆಯೇ ಹೊಂದುವುದಿಲ್ಲ. ನನ್ನ ವಿದ್ಯಾರ್ಥಿ ಪೆಟ್ಟಿಗೆ ಮಾರಿದ್ದಕ್ಕೆ ನಾನೊಬ್ಬನೇ ಕಾರಣನೆಂದರೆ ಅದೂ ಜಂಬವಾದೀತು. ತಂಗಿಯರ ಮದುವೆ, ಮನೆಯ ಸಾಲ ಎಲ್ಲವೂ ಸೇರಿಕೊಂಡವು. ಅವನ ತಂದೆಯ ಭಯವೂ ಸುಳ್ಳಾಗಿರಲಿಲ್ಲ. ಪಾಳಿಯ ಕೂಲಿಯಲ್ಲಿ ಮಕ್ಕಳನ್ನು ಓದಿಸಿದವರಿಗೆ ಹಾರ್ಮೋನಿಯಂ ಶತ್ರುವಿನಂತೆ ಕಂಡರೆ ತಪ್ಪೆನ್ನಲಾರೆ. ತಪ್ಪಿದ್ದು ನಾನು. ಎರಡನ್ನೂ ಹೇಗೆ ಹೊಂದಿಸಿಕೊಳ್ಳಬೇಕೆಂದು ಹೇಳಿಕೊಡಬೇಕಾದ ಜಾಗದಲ್ಲಿ ಕೂತು, ಒಂದನ್ನು ಬಿಡು ಎಂದೆ. ಹಾಗೆ ಹೇಳುವುದು ಸುಲಭ, ಅದಕ್ಕೇ ಹೇಳಿದೆ.

ಮಾಸ್ತಿಯವರಿಗೂ ಸರ್ಕಾರದಿಂದ ನೋವಾಯಿತು. ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ದೊರೆತಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಆಗ ಅವರಿಗೆ ಐವತ್ತೆರಡು, ಹೆಚ್ಚುಕಡಿಮೆ ನನ್ನ ವಿದ್ಯಾರ್ಥಿಯ ಈಗಿನ ವಯಸ್ಸು. ಮುಂದಿನ ವರ್ಷವೇ 'ಜೀವನ' ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡು 1965ರವರೆಗೆ ನಡೆಸಿದರು. 'ಚಿಕವೀರ ರಾಜೇಂದ್ರ' ಬಂದದ್ದು 1956ರಲ್ಲಿ. ಜ್ಞಾನಪೀಠ 1983ರಲ್ಲಿ. 1986ರಲ್ಲಿ, ಹುಟ್ಟಿದ ದಿನವೇ ಆದ ಜೂನ್ 6ರಂದು ತೀರಿಕೊಂಡರು. ಹುದ್ದೆ ಹೋದ ಮೇಲೆಯೂ ಅವರ ಕೈ ಖಾಲಿಯಾಗಲಿಲ್ಲವೆಂದರೆ, ಹುದ್ದೆಯಲ್ಲಿದ್ದಾಗ ಪೆಟ್ಟಿಗೆ ಮುಚ್ಚಿಟ್ಟಿರಲಿಲ್ಲ, ಅದಕ್ಕೆ.

ಮುಂದಿನ ಭಾನುವಾರ ಅವನಿಗೆ ನಾನೇ ಫೋನ್ ಮಾಡಿದೆ. "ವೀಣೆ ಬಿಡಿಸಬೇಡ ಕಣಯ್ಯ. ಪರೀಕ್ಷೆಯ ಎರಡು ತಿಂಗಳು ಬೇಕಾದರೆ ಪಾಠ ಕಡಿಮೆಯಾಗಲಿ, ನಿಲ್ಲುವುದು ಬೇಡ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮೆಲ್ಲಗೆ, "ನನಗೆ ಅವತ್ತು ಬೇರೆ ಥರ ಹೇಳಿದ್ದಿರಿ, ಸಾರ್" ಎಂದ.

"ಹೌದಪ್ಪ. ಅವತ್ತು ತಪ್ಪು ಹೇಳಿದೆ."

ಅವನು ಅದಕ್ಕೆ ಏನೂ ಅನ್ನಲಿಲ್ಲ. ನನ್ನ ಸಕ್ಕರೆ ಕಾಯಿಲೆ ಹೇಗಿದೆ ಎಂದು ವಿಚಾರಿಸಿದ. ಮೊನ್ನೆ ಅವನ ಹೆಂಡತಿ ನನ್ನ ಶ್ರೀಮತಿಗೆ ಹೇಳಿದರಂತೆ: ಪಾಠ ಬುಧವಾರ ಮತ್ತು ಶನಿವಾರ ಸಂಜೆ ನಡೆಯುತ್ತಿದೆ. ಮಗಳನ್ನು ಕರೆದೊಯ್ಯುವವನು ಅವನೇ. ಪಾಠ ಮುಗಿಯುವವರೆಗೂ ಹೊರಗಿನ ಜಗುಲಿಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿರುತ್ತಾನಂತೆ.