ಮೂಲ ಕೇಳುವುದರಲ್ಲಿ ತಪ್ಪಿಲ್ಲ

ನದೀಮೂಲ, ಋಷಿಮೂಲ ಕೇಳಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ನಮ್ಮ ಮನೆಯ ಕಪಾಟಿನಲ್ಲಿರುವ ವಸ್ತುವಿನ ಮೂಲವನ್ನು ಅವಶ್ಯವಾಗಿ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಪಾಶ್ಚಾತ್ಯ ದೇಶಗಳಲ್ಲಿ ಒಂದು ಹವ್ಯಾಸವುಂಟು. ಮೀನು ಹಿಡಿಯುವ ಗಾಳಕ್ಕೆ ಎರೆಹುಳುವಿನ ಬದಲು ಗರಿ, ರೇಷ್ಮೆದಾರ, ತುಪ್ಪಳ ಸುತ್ತಿ ಕೃತಕ ನೊಣಗಳನ್ನು ಕಟ್ಟುತ್ತಾರೆ. ಹೆಸರಾದ ಹಳೆಯ ಮಾದರಿಗಳನ್ನು ಗಾಜಿನ ಚೌಕಟ್ಟಿನಲ್ಲಿರಿಸಿ, ಅವು ಹುಟ್ಟಿದ ನದೀತೀರದ ಛಾಯಾಚಿತ್ರವನ್ನು ಪಕ್ಕದಲ್ಲಿ ಜೋಡಿಸಿ ಗೋಡೆಗೆ ತೂಗುಹಾಕುತ್ತಾರೆ. ನೋಡಿದವರಿಗೆ ವಸ್ತುವೂ ತಿಳಿಯಿತು, ಅದರ ಊರೂ ತಿಳಿಯಿತು. ಪದ್ಧತಿ ಮೆಚ್ಚತಕ್ಕದ್ದೇ.

ಆದರೆ ಅಲ್ಲಿಯೂ ಒಂದು ಕೊರತೆಯಿದೆ. 19ನೆಯ ಶತಮಾನದ ‘ಜಾಕ್ ಸ್ಕಾಟ್’ ಎಂಬ ಪ್ರಸಿದ್ಧ ನೊಣದ ಪಕ್ಕೆಯಲ್ಲಿ ಹೊಳೆಯುವ ಚುಕ್ಕೆಯ ಚಿಕ್ಕ ಗರಿಯೊಂದಿರುತ್ತದೆ. ಅದು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬದುಕುವ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯ ಗರಿ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಈಗ ಆ ಹಕ್ಕಿಗೆ ರಕ್ಷಣೆ ದೊರೆತಿದೆ. ಚೌಕಟ್ಟಿನಲ್ಲಿ ಸ್ಕಾಟ್ಲೆಂಡಿನ ನದಿಯೊಂದೇ ಇದ್ದರೆ ಗರಿ ಕೊಟ್ಟ ಕಾಡು ಮರೆತುಹೋಯಿತಲ್ಲವೇ? ಮೂಲ ಹೇಳುವುದಾದರೆ ಪೂರ್ತಿಯಾಗಿ ಹೇಳಬೇಕು.

ಈಗ ನಮ್ಮ ಕಡೆಗೆ ಬರೋಣ. ಉದಗೀರ, ನಿಲಂಗಾಗಳ ಹಳೆಯ ಮನೆಯಲ್ಲಿ ಕರಿಯ ಮೈಮೇಲೆ ಬೆಳ್ಳಿಯ ಬಳ್ಳಿಯಿರುವ ಡಬ್ಬಿಯೋ ಹೂದಾನಿಯೋ ಇದ್ದರೆ ಅದು ಬಿದರಿ ಕೆಲಸ. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ ಚಿತ್ತಾರ ಬರೆದು, ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಸತುವಿನ ಭಾಗ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು.

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಆ ಕಡೆ, ನಾವು ಈ ಕಡೆ ಆದೆವು. ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಆದರೆ ಅಜ್ಜಿಯ ಡಬ್ಬಿ ಯಾವ ಮಣ್ಣಿನಿಂದ ಕಪ್ಪಾಯಿತೆಂದು ಮೊಮ್ಮಕ್ಕಳಿಗೆ ತಿಳಿಯದಿದ್ದರೆ, ಅದು ಒಂದು ದಿನ ತೂಕದ ಲೆಕ್ಕದಲ್ಲಿ ಗುಜರಿ ಸೇರುವುದು ಖಂಡಿತ. ಗಡಿಯಿಂದ ಆಗದ ನಷ್ಟ ನಮ್ಮ ಅಜ್ಞಾನದಿಂದ ಆಗುತ್ತದೆ.

ಆದ್ದರಿಂದ ನಮ್ಮದೊಂದು ಸೂಚನೆ. ಶಾಲೆಯ ಗೋಡೆಯ ಮೇಲೆ ಕೆಲವು ಗಾಜಿನ ಚೌಕಟ್ಟುಗಳಿರಲಿ. ಒಂದರಲ್ಲಿ ಸಣ್ಣ ಬಿದರಿ ವಸ್ತು, ಪಕ್ಕದಲ್ಲಿ ಬೀದರ ಕೋಟೆಯ ಚಿತ್ರ. ಇನ್ನೊಂದರಲ್ಲಿ ನಿಲಂಗಾ ಕಡೆಯ ಮೀನುಗಾರರ ಗಾಳ, ಪಕ್ಕದಲ್ಲಿ ಮಾಂಜರಾ ನದಿ. ಮತ್ತೊಂದರಲ್ಲಿ ಉಮರ್ಗಾ ಕಡೆಯ ಜೋಳದ ತೆನೆ, ಪಕ್ಕದಲ್ಲಿ ಅದು ಬೆಳೆದ ಎರೆಹೊಲ. ಕೆಳಗೆ ಮಾಡಿದವರ ಹೆಸರು, ಬೆಳೆದವರ ಹೆಸರು ಬರೆಯೋಣ. ಊರನ್ನು ತೋರಿಸಿ ಕೈಗಳನ್ನು ಮರೆತರೆ ಅದೂ ಅರ್ಧ ಮೂಲವೇ.

ಇದರಿಂದ ಪರೀಕ್ಷೆಯಲ್ಲಿ ಅಂಕ ಬರುವುದೇ ಎಂದು ಪಾಲಕರು ಕೇಳಬಹುದು. ಬರಲಿಕ್ಕಿಲ್ಲ. ಆದರೆ ಲೋಹ ಕಪ್ಪಾಗುವ ರೀತಿಯಲ್ಲಿ ವಿಜ್ಞಾನವಿದೆ, 1956ರಲ್ಲಿ ಇತಿಹಾಸವಿದೆ, ಮಾಂಜರೆಯಲ್ಲಿ ಭೂಗೋಳವಿದೆ. ಪುಸ್ತಕದಲ್ಲಿ ಬೇರೆಬೇರೆಯಾಗಿರುವ ಪಾಠಗಳು ಒಂದೇ ಚೌಕಟ್ಟಿನಲ್ಲಿ ಕೂಡುತ್ತವೆ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಮನೆಯ ಒಂದು ಹಳೆಯ ವಸ್ತುವನ್ನು ಕೈಗೆತ್ತಿಕೊಂಡು ಅಜ್ಜ-ಅಜ್ಜಿಯರನ್ನು ಕೇಳಿರಿ: ಇದು ಎಲ್ಲಿಯದು? ಯಾರು ಮಾಡಿದ್ದು? ಪಾಲಕರೇ, ಮಕ್ಕಳು ಕೇಳಿದಾಗ ಬೇಸರಿಸದೆ ಹೇಳಿರಿ. ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡುವುದು ಲೇಸು.