ಪುಣೆಯಲ್ಲಿ ಸೋವಿ, ಬೈಲಹೊಂಗಲದಲ್ಲಿ ಎಷ್ಟು?

"ಪುಣೇದಾಗ ಹಳೇ ಕಾರು ಭಾಳ ಸೋವಿ ಸಿಗತಾವಂತ" ಎಂದು ಯಜಮಾನರು ಹೊರಟರೆ, ಸೋದರಿಯರೇ, ರೊಕ್ಕದ ಗಂಟು ಬಿಚ್ಚುವ ಮೊದಲು ಒಂದು ಲೆಕ್ಕ ಹಾಕಿಸಿ. ಮಹಾರಾಷ್ಟ್ರದ ಗಾಡಿಗೆ ಬೈಲಹೊಂಗಲದ ಕೆಎ 24 ನಂಬರು ಬರಬೇಕಾದರೆ ಅಲ್ಲಿಯ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಮೇಲೆ ಕರ್ನಾಟಕದ ಆಜೀವ ತೆರಿಗೆ. ಗಾಡಿ ಹಳೆಯದಾದಷ್ಟೂ ಇಳಿಯುತ್ತದೆ, ತಪ್ಪುವುದಿಲ್ಲ. ಇಷ್ಟೂ ಕೂಡಿಸಿದರೆ ಎಷ್ಟೋ ಸಲ ಹುಬ್ಬಳ್ಳಿ, ಬೆಳಗಾವಿಯ ಗಾಡಿಯೇ ಅಗ್ಗ ಬೀಳುತ್ತದೆ.

ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ "ಸಾಲ ತೀರೇತ್ರಿ, ಕಾಗದ ಆಮ್ಯಾಲೆ ಕೊಡ್ತೀನಿ" ಎಂಬ ಮಾತಿಗೆ ಒಪ್ಪಬೇಡಿ. ಬ್ಯಾಂಕಿನ ಪತ್ರ, ಸಹಿಯಾದ ಫಾರ್ಮ್ 35 ಕೈಗೆ ಬರಲಿ, ಆಮೇಲೆ ಮುಂಗಡ.

ಇನ್ನು ನೆರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದ್ದನ್ನು ಕಂಡವರಿಗೆ ಆ ಕೆಸರಿನ ವಾಸನೆ ಗೊತ್ತು. ಅದೇ ತಿಂಗಳು ಸಾಂಗ್ಲಿ, ಕೊಲ್ಲಾಪುರಗಳಲ್ಲೂ ನೀರು ನಿಂತಿತ್ತು. ಮುಳುಗಿದ ಗಾಡಿಗೂ ಪಾಲಿಶ್ ಹೊಡೆದರೆ ಮದುವಣಗಿತ್ತಿಯ ಕಳೆ! ನೀವೇ ಜೊತೆಗೆ ಹೋಗಿ. ನೆಲಹಾಸು ಎತ್ತಿ ಮೂಸಿ, ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿಯುವುದುಂಟು. ಗಂಡಸರು ಬಾನೆಟ್ ಎತ್ತಿ ತಲೆದೂಗುತ್ತಿರಲಿ.

ಕಾರು ಕೊಂಡ 14 ದಿನದೊಳಗೆ ವಿಮೆ ವರ್ಗಾವಣೆಗೂ ಅರ್ಜಿ ಕೊಡಿಸಿ. ಸವದತ್ತಿ ಎಲ್ಲಮ್ಮನ ಗುಡ್ಡದ ಸವಾರಿ ಅದರ ಮೇಲೆ.