ಮಕ್ಕಳ ಕಣ್ಣೂ ಕನ್ನಡಕವೂ

ನಮ್ಮ ಐ.ಡಿ. ಹಳ್ಳಿಯ ಕಡೆಯ ಗೃಹಸ್ಥರಲ್ಲಿ ಒಂದು ನಂಬಿಕೆಯುಂಟು: ಮಗುವಿಗೆ ಕನ್ನಡಕ ಹಾಕಿಸಿದರೆ ಕಣ್ಣು ಅದಕ್ಕೇ ಒಗ್ಗಿಹೋಗಿ ನಂಬರು ವರ್ಷೇ ವರ್ಷೇ ಏರುವುದೆಂದು. ಹೆಣ್ಣುಮಗುವಾದರೆ ಮುಂದಿನ ವಿವಾಹದ ಚಿಂತೆಯೂ ಸೇರಿಕೊಳ್ಳುವುದು. ಇತ್ತ ಆ ಕೂಸು ಕರಿಹಲಗೆಯ ಅಕ್ಷರ ಕಾಣದೆ, ಪಕ್ಕದವಳ ಪುಸ್ತಕ ನೋಡಿ ಬರೆದು, ದಡ್ಡಿಯೆನಿಸಿಕೊಳ್ಳುತ್ತಿರುತ್ತದೆ. ಇಂಥ ಮಕ್ಕಳನ್ನು ಪಾಠಶಾಲೆಯಲ್ಲಿ ಬಹುಮಂದಿ ಕಂಡಿದ್ದೇನೆ.

ಸಮೀಪದೃಷ್ಟಿಗೆ ಕಾರಣ ಕನ್ನಡಕವಲ್ಲ. ಕಣ್ಣುಗುಡ್ಡೆಯು ಅಗತ್ಯಕ್ಕಿಂತ ನೀಳವಾಗಿ ಬೆಳೆಯುವುದು. ಆಗ ದೂರದ ವಸ್ತುವಿನ ಬಿಂಬವು ಹಿಂಬದಿಯ ಅಕ್ಷಿಪಟದ ಮೇಲೆ ಬೀಳದೆ ಅದರ ಮುಂದೆಯೇ ಬೀಳುವುದು. ಮಧುಗಿರಿಯ ಏಕಶಿಲಾ ಬೆಟ್ಟವೂ ಮಂಜು ಕವಿದಂತೆ ತೋರುವುದು. ಒಂದು ಮಿಲಿಮೀಟರು ಹೆಚ್ಚು ಬೆಳೆದರೆ ನಂಬರು ಎರಡೂವರೆ ಮೂರರಷ್ಟು ಏರಬಹುದು. ತಾಯಿತಂದೆಯರಿಂದ ಬಂದ ಗುಣ, ಎಡೆಬಿಡದ ಹತ್ತಿರದ ಓದು, ಹಗಲು ಬೆಳಕಿನ ಅಭಾವ, ಇವೆಲ್ಲ ಇದಕ್ಕೆ ಒತ್ತಾಸೆ. ಚೀಣಾದ ಗ್ವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನೋಡಿದರು. ಮೂರು ವರ್ಷಗಳಲ್ಲಿ ಅವರೊಳಗೆ ನೂರಕ್ಕೆ 30 ಮಂದಿಗೂ, ಹಾಗೆ ಬಿಡದವರೊಳಗೆ ಸುಮಾರು 40 ಮಂದಿಗೂ ಈ ದೋಷ ಬಂದಿತೆಂದು 2015ರಲ್ಲಿ ಪ್ರಕಟವಾಯಿತು. ಹೊಲಗದ್ದೆಗಳ ನಡುವೆಯೇ ಇದ್ದು ಮಕ್ಕಳನ್ನು ಮೊಬೈಲಿನೊಡನೆ ಕೋಣೆಯಲ್ಲಿ ಕೂಡಿಸುವ ನಮ್ಮ ವಿವೇಕಕ್ಕೆ ಏನೆನ್ನೋಣ!

ಕೆಲವರು ಜಾಣ್ಮೆಯೆಂದೆಣಿಸಿ ಕಡಿಮೆ ನಂಬರಿನ ಕನ್ನಡಕ ಬೇಡುತ್ತಾರೆ. ಇದು ಸಲ್ಲದು. ಕ್ವಾಲಾಲಂಪುರದಲ್ಲಿ 94 ಮಕ್ಕಳ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ (ಪ್ರಕಟಣೆ 2002) ಕಡಿಮೆ ನಂಬರು ಕೊಟ್ಟವರ ದೋಷವೇ ಹೆಚ್ಚು ಬೆಳೆಯಿತು. ಸಂಸ್ಕೃತದಲ್ಲಿ ಕನ್ನಡಕಕ್ಕೆ ಉಪನೇತ್ರವೆಂದು ಹೆಸರು. ಕಣ್ಣಿನ ಬಳಿಯಿದ್ದು ನೆರವಾಗುವುದೆಂದೇ ತಾತ್ಪರ್ಯ.

ಈಗ ದೋಷದ ಓಟವನ್ನು ತಗ್ಗಿಸುವ ಮಸೂರಗಳೂ ಬಂದಿವೆ. ಮಧ್ಯಭಾಗವು ದೂರದ ನೋಟವನ್ನು ತಿಳಿಯಾಗಿಸುವುದು. ಸುತ್ತಲೂ ಕೂಡಿಸಿದ ಸುಮಾರು ನಾನೂರು ಕಿರುಮಸೂರಗಳು ಬೆಳಕಿನ ಒಂದಂಶವನ್ನು ಅಕ್ಷಿಪಟದ ಮುಂದೆಯೇ ನಿಲ್ಲಿಸಿ, ಗುಡ್ಡೆಗೆ ಬೆಳೆಯಬೇಡವೆಂದು ಸೂಚಿಸುತ್ತವೆ. ಹಾಂಗ್‌ಕಾಂಗಿನಲ್ಲಿ 8 ರಿಂದ 13 ವರ್ಷದ ಮಕ್ಕಳ ಮೇಲೆ ಎರಡು ವರ್ಷ ಪ್ರಯೋಗಿಸಲು, ನಂಬರಿನ ಏರಿಕೆ ಅರ್ಧದಷ್ಟು ತಗ್ಗಿತು. ಬೆಲೆ ಮಾತ್ರ ಸಾಧಾರಣ ಕನ್ನಡಕಕ್ಕಿಂತ ಬಹಳ ಹೆಚ್ಚು. ಅದು ಕೈಗೆಟುಕದಿದ್ದರೆ ಸರಿಯಾದ ನಂಬರಿನ ಸಾಧಾರಣ ಕನ್ನಡಕವನ್ನಾದರೂ ತಪ್ಪಿಸಬಾರದು.

ಮಗುವಿನ ನಂಬರನ್ನು ಕಣ್ಣಿಗೆ ಹನಿ ಹಾಕಿಸಿ, ಪಾಪೆ ಹಿಗ್ಗಿದ ಮೇಲೆ ಪರೀಕ್ಷಿಸತಕ್ಕದ್ದು. ಇಲ್ಲವಾದರೆ ಇರುವುದಕ್ಕಿಂತ ಹೆಚ್ಚು ತೋರಬಹುದು. ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಗೆ ಹೋಗುವವರು, ಕೆಲಕಾಲ ಮಗುವಿಗೆ ಹತ್ತಿರದ ಅಕ್ಷರ ಮಸುಕಾಗುವುದೆಂಬುದನ್ನು ನೆನಪಿಟ್ಟು, ಮರುದಿನ ಪರೀಕ್ಷೆಯಿಲ್ಲದಂತೆ ನೋಡಿಕೊಂಡು ಹೊರಡುವುದು.